ಮೊಂಟಾನಾ ಶ್ರೇಷ್ಠರೋ, ಯಂಗ್ ಶ್ರೇಷ್ಠರೋ? ಫಾರ್ವರ್ಡ್‌ಗಳ ಅಂಕಿ ನಿಜ, ತೀರ್ಮಾನ ನಿಜವೇ?

ನಾಲ್ಕು ಫೈನಲ್ ಆಡಿ ನಾಲ್ಕನ್ನೂ ಗೆದ್ದವರು ಜೋ ಮೊಂಟಾನಾ, ಹಾಗಾಗಿ ಅವರೇ ಶ್ರೇಷ್ಠ. ಇದು ಒಂದು ಗುಂಪಿನ ಮಾತು. ರೇಟಿಂಗ್‌ನಲ್ಲಿ ಸ್ಟೀವ್ ಯಂಗ್ 96.8, ಮೊಂಟಾನಾ 92.3, ಹಾಗಾಗಿ ಯಂಗ್ ಅವರೇ ಶ್ರೇಷ್ಠ. ಇದು ಇನ್ನೊಂದು ಗುಂಪಿನ ಮಾತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಫುಟ್‌ಬಾಲ್ ತಂಡದ ಇತಿಹಾಸದಲ್ಲಿ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಯಾರು ಎಂಬ ಜಗಳ ಮೂವತ್ತು ವರ್ಷಗಳಿಂದ ನಡೆಯುತ್ತಲೇ ಇದೆ. ಮೊದಲು ಟೀ ಅಂಗಡಿಯಂಥ ಜಾಗಗಳಲ್ಲಿ ನಡೆಯುತ್ತಿದ್ದದ್ದು ಈಗ ಮೊಬೈಲ್‌ನಲ್ಲಿ ನಡೆಯುತ್ತಿದೆ, ಅಷ್ಟೇ ವ್ಯತ್ಯಾಸ.

ಇದು ನಮಗ್ಯಾಕೆ ಎನ್ನುವಿರಾ? 2014ರಿಂದ ಈ ತಂಡದ ತವರು ಮೈದಾನ ಇರುವುದು ಸಾಂತಾ ಕ್ಲಾರಾದಲ್ಲಿ, ಸಾಫ್ಟ್‌ವೇರ್ ಕಂಪನಿಗಳ ನಡುವೆ. ಅಲ್ಲಿ, ಪಕ್ಕದ ಸನಿವೇಲ್‌ನಲ್ಲಿ, ಕುಪರ್ಟಿನೋದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಕಡಿಮೆಯೇನಲ್ಲ. ಅಲ್ಲಿನ ಮಕ್ಕಳ ಜಗಳ ಇಲ್ಲಿನ ಅಜ್ಜ-ಅಜ್ಜಿಯ ಫ್ಯಾಮಿಲಿ ಗ್ರೂಪಿಗೂ ಬಂದು ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮಗೆ ಬರುವ ಆರೋಗ್ಯದ, ರಾಜಕೀಯದ, ಹಣಕಾಸಿನ ಎಷ್ಟೋ ಫಾರ್ವರ್ಡ್‌ಗಳು ಇದೇ ರೀತಿ ಕೆಲಸ ಮಾಡುತ್ತವೆ. ಅಂಕಿ ನಿಜವಾಗಿರುತ್ತದೆ, ಅದರಿಂದ ಎಳೆದ ತೀರ್ಮಾನ ಬೇರೆಲ್ಲೋ ಹೋಗಿರುತ್ತದೆ. ಆಟದ ಉದಾಹರಣೆಯಲ್ಲಿ ಇದನ್ನು ನೋಡುವುದು ಸುಲಭ, ಯಾರ ಮನಸ್ಸೂ ಅಷ್ಟಾಗಿ ನೋಯುವುದಿಲ್ಲ. (ಫಾರ್ಟಿನೈನರ್ಸ್ ಅಭಿಮಾನಿಗಳು ಕ್ಷಮಿಸಬೇಕು.)

ಮೊದಲು ಆಟ ಏನೆಂದು ನೋಡೋಣ

ನಾವು ಫುಟ್‌ಬಾಲ್ ಎಂದು ಕರೆಯುವ ಆಟ ಇದಲ್ಲ. ಇಲ್ಲಿ ಚೆಂಡು ಮೊಟ್ಟೆಯಾಕಾರದ್ದು, ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಎಸೆಯಬಹುದು. ಒಂದೊಂದು ಕಡೆಗೆ 11 ಆಟಗಾರರು. ಚೆಂಡು ಇರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗೇ ಸಾಗಿ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಅದಕ್ಕೆ 6 ಅಂಕ.

ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು, ಎಸೆಯದೆ ತಾನೇ ಓಡಬೇಕೆ ಎಂಬುದನ್ನು ಮೂರು-ನಾಲ್ಕು ಸೆಕೆಂಡಿನಲ್ಲಿ ನಿರ್ಧರಿಸಬೇಕು. ಅಷ್ಟರಲ್ಲಿ ನೂರು ಕಿಲೋಗೂ ಹೆಚ್ಚು ತೂಕದ ಎದುರಾಳಿಗಳು ಮೈಮೇಲೆ ಬೀಳಲು ಓಡಿ ಬರುತ್ತಿರುತ್ತಾರೆ. ಎಸೆದ ಪಾಸನ್ನು ಎದುರಾಳಿ ಹಿಡಿದುಬಿಟ್ಟರೆ ಅದಕ್ಕೆ ಇಂಟರ್‌ಸೆಪ್ಷನ್ ಎನ್ನುತ್ತಾರೆ. ಕ್ವಾರ್ಟರ್‌ಬ್ಯಾಕ್‌ಗೆ ಇದಕ್ಕಿಂತ ದೊಡ್ಡ ಹಿನ್ನಡೆ ಕಡಿಮೆ. ಲೀಗಿನ ಕೊನೆಯ ಫೈನಲ್ ಪಂದ್ಯದ ಹೆಸರು ಸೂಪರ್ ಬೌಲ್.

“ನಾಲ್ಕಕ್ಕೆ ನಾಲ್ಕು”: ಅಂಕಿ ಸರಿ

ಮೊಂಟಾನಾ 1979ರ ಆಯ್ಕೆ ಪ್ರಕ್ರಿಯೆಯಲ್ಲಿ 82ನೆಯವರಾಗಿ ತಂಡ ಸೇರಿದರು. ಅವರ ಮುಂದಾಳತ್ವದಲ್ಲಿ ತಂಡ 1982, 1985, 1989 ಮತ್ತು 1990ರ ಜನವರಿಗಳಲ್ಲಿ ಸೂಪರ್ ಬೌಲ್ ಗೆದ್ದಿತು. ಈ ನಾಲ್ಕು ಪಂದ್ಯಗಳಲ್ಲಿ ಅವರು 122 ಪಾಸ್ ಎಸೆದರು, 83 ಗುರಿ ಮುಟ್ಟಿದವು, 11 ಟಚ್‌ಡೌನ್ ಆದವು. ಇಂಟರ್‌ಸೆಪ್ಷನ್ ಸೊನ್ನೆ. ಮೂರು ಸಲ ಫೈನಲಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಇಷ್ಟೂ ನಿಜ.

ಆದರೆ ಈ ಸೊನ್ನೆಯ ಕಥೆ ಸ್ವಲ್ಪ ಕೇಳಿ. 1989ರ ಜನವರಿಯ ಫೈನಲ್, ಎದುರಾಳಿ ಸಿನ್ಸಿನಾಟಿ ಬೆಂಗಾಲ್ಸ್. ಕೊನೆಯ ಕ್ವಾರ್ಟರ್ ಶುರುವಾದಾಗ ಫಾರ್ಟಿನೈನರ್ಸ್ 6–13ರಿಂದ ಹಿಂದಿತ್ತು. ಮೊಂಟಾನಾ ಎಸೆದ ಒಂದು ಪಾಸ್ ನೇರವಾಗಿ ಬೆಂಗಾಲ್ಸ್‌ನ ಲೂಯಿಸ್ ಬಿಲಪ್ಸ್ ಕೈಗೇ ಹೋಯಿತು, ಅದೂ ಗೆರೆಯ ಆಚೆ. ಬಿಲಪ್ಸ್ ಅದನ್ನು ಕೈಚೆಲ್ಲಿದರು. ಮರು ಎಸೆತದಲ್ಲೇ ಜೆರ್ರಿ ರೈಸ್‌ಗೆ ಪಾಸ್ ಹೋಗಿ ಟಚ್‌ಡೌನ್ ಆಯಿತು, ಅಂಕ ಸಮವಾಯಿತು. ಪಂದ್ಯ ಮುಗಿದಾಗ 20–16. ನಮ್ಮ ಕ್ರಿಕೆಟ್ ಭಾಷೆಯಲ್ಲಿ ಹೇಳಬೇಕೆಂದರೆ, ಅದು ಸ್ಲಿಪ್‌ನಲ್ಲಿ ಬಿಟ್ಟ ಸುಲಭದ ಕ್ಯಾಚ್. ಬಿಲಪ್ಸ್ ಹಿಡಿದಿದ್ದರೆ “ಒಂದೂ ಇಲ್ಲ” ಎಂಬ ಮಾತೂ ಇರುತ್ತಿರಲಿಲ್ಲ, ಬಹುಶಃ “ನಾಲ್ಕಕ್ಕೆ ನಾಲ್ಕು” ಎಂಬ ಮಾತೂ ಇರುತ್ತಿರಲಿಲ್ಲ. ಮೊಂಟಾನಾ ಅವರ ಕೈಚಳಕ ಮಾತ್ರ ಎರಡೂ ಸಂದರ್ಭದಲ್ಲಿ ಅಷ್ಟೇ ಇರುತ್ತಿತ್ತು.

ಅದೃಷ್ಟದ ಪಾಲು ಎಷ್ಟು ಎಂದು ನಾವೇ ಒಂದು ಸಣ್ಣ ಲೆಕ್ಕ ಹಾಕಿದೆವು. ಮೊಂಟಾನಾ ಇಡೀ ವೃತ್ತಿಜೀವನದ ಲೀಗ್ ಪಂದ್ಯಗಳಲ್ಲಿ 5,391 ಪಾಸ್ ಎಸೆದಿದ್ದಾರೆ, ಅದರಲ್ಲಿ 139 ಎದುರಾಳಿಗಳ ಪಾಲಾಗಿವೆ. ಅಂದರೆ ನೂರಕ್ಕೆ ಸುಮಾರು 2.6. ಇದೇ ದರದಲ್ಲಿ 122 ಪಾಸ್ ಎಸೆದರೆ ಮೂರು ಇಂಟರ್‌ಸೆಪ್ಷನ್ ನಿರೀಕ್ಷಿಸಬಹುದು. ಒಂದೂ ಆಗದೆ ಇರುವ ಸಾಧ್ಯತೆ ಶೇಕಡ 4ರಷ್ಟು. ಅಪರೂಪ ನಿಜ, ಪವಾಡವೇನಲ್ಲ. 122 ಎಸೆತ ಎಂದರೆ ಅವರು ಲೀಗಿನಲ್ಲಿ ಎಸೆದದ್ದರ ಎರಡು ಶೇಕಡಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದು ಚಮಚ ರುಚಿ ನೋಡಿ ಇಡೀ ಹಂಡೆಯ ಸಾರಿನ ಬಗ್ಗೆ ಹೇಳಬಹುದು, ಆದರೆ ಸಾರು ಚೆನ್ನಾಗಿ ಕಲಕಿರಬೇಕು. ಫೈನಲ್ ಪಂದ್ಯಗಳು ಹಾಗೆ ಕಲಕಿದ ಚಮಚವಲ್ಲ.

ಇನ್ನೂ ಒಂದು ವಿಷಯವನ್ನು ಈ ಫಾರ್ವರ್ಡ್ ಹೇಳುವುದಿಲ್ಲ. ಫೈನಲ್ ತಲುಪದೆ ಸೋತ ವರ್ಷಗಳು ಎಲ್ಲಿ ಹೋದವು? 1985ರ ಋತುವಿನ ನಾಕೌಟ್‌ನಲ್ಲಿ ಫಾರ್ಟಿನೈನರ್ಸ್ ನ್ಯೂಯಾರ್ಕ್ ಜಯಂಟ್ಸ್ ಎದುರು 3–17ರಿಂದ ಸೋತಿತು. ಮರುವರ್ಷ ಅದೇ ತಂಡದ ಎದುರು 3–49. ಅದರ ಮರುವರ್ಷ ಮಿನೆಸೋಟಾ ವೈಕಿಂಗ್ಸ್ ಎದುರು 24–36, ಆ ಪಂದ್ಯದ ನಡುವೆಯೇ ತರಬೇತುದಾರ ಬಿಲ್ ವಾಲ್ಷ್ ಮೊಂಟಾನಾ ಅವರನ್ನು ಹೊರಗೆ ಕರೆಸಿ ಬದಲಿಗೆ ಕಳಿಸಿದ್ದು ಯಾರನ್ನು ಗೊತ್ತೇ? ಸ್ಟೀವ್ ಯಂಗ್ ಅವರನ್ನು. ಈ ಸೋಲುಗಳು ಯಾವುವೂ “ಫೈನಲಿನಲ್ಲಿ ಸೋಲಿಲ್ಲ” ಎಂಬ ದಾಖಲೆಗೆ ಧಕ್ಕೆ ತರುವುದಿಲ್ಲ. ಅಂದರೆ ಮೊದಲೇ ಸೋತವರ ಲೆಕ್ಕ ಸ್ವಚ್ಛವಾಗಿ ಉಳಿಯುತ್ತದೆ, ಕೊನೆಯ ತನಕ ಬಂದು ಸೋತವರ ಮೇಲೆ ಮಾತ್ರ ಮಸಿ ಬೀಳುತ್ತದೆ. ಟಾಮ್ ಬ್ರೇಡಿ ಹತ್ತು ಸೂಪರ್ ಬೌಲ್ ಆಡಿ ಏಳು ಗೆದ್ದರು. ಅವರು ಸೋತ ಆ ಮೂರು ವರ್ಷಗಳಲ್ಲಿ ಸೆಮಿಫೈನಲಿನಲ್ಲೇ ಮನೆಗೆ ಹೋಗಿದ್ದರೆ “ಏಳಕ್ಕೆ ಏಳು” ಎಂದು ಹೊಗಳಿಸಿಕೊಳ್ಳುತ್ತಿದ್ದರು. ಇದೆಂಥ ಲೆಕ್ಕ?

“ರೇಟಿಂಗ್ ಸುಳ್ಳು ಹೇಳಲ್ಲ”: ಆದರೆ ರೇಟಿಂಗ್ ಅಂದರೇನು?

ಈಗ ಎರಡನೇ ಗುಂಪಿನ ವಾದಕ್ಕೆ ಬರೋಣ. ಪಾಸರ್ ರೇಟಿಂಗ್ ಎಂಬುದನ್ನು ಲೀಗ್ 1973ರಿಂದ ಅಧಿಕೃತವಾಗಿ ಬಳಸುತ್ತಿದೆ. ಹೆಚ್ಚಿನವರು ಇದನ್ನು ನೂರಕ್ಕೆ ಇಷ್ಟು ಅಂಕ ಎಂದು ತಿಳಿದಿದ್ದಾರೆ. ಅಲ್ಲ. ಇದರ ಗರಿಷ್ಠ ಮಿತಿ 158.3. ಲೆಕ್ಕ ಕಷ್ಟವೇನಿಲ್ಲ, ಮೊಂಟಾನಾ ಅವರ ನಾಲ್ಕು ಫೈನಲ್‌ಗಳನ್ನೇ ತೆಗೆದುಕೊಂಡು ಮಾಡಿ ತೋರಿಸುತ್ತೇವೆ.

ಗುರಿ ಮುಟ್ಟಿದ ಪಾಸ್‌ಗಳ ಪಾಲು 0.68. ಅದರಿಂದ 0.3 ಕಳೆದು 5ರಿಂದ ಗುಣಿಸಿದರೆ 1.90. ಒಂದು ಎಸೆತಕ್ಕೆ ಸಿಕ್ಕ ಸರಾಸರಿ ದೂರ 9.36 ಯಾರ್ಡ್. ಅದರಿಂದ 3 ಕಳೆದು ನಾಲ್ಕರಿಂದ ಭಾಗಿಸಿದರೆ 1.59. ಟಚ್‌ಡೌನ್‌ಗಳ ಪಾಲನ್ನು 20ರಿಂದ ಗುಣಿಸಿದರೆ 1.80. ಇಂಟರ್‌ಸೆಪ್ಷನ್ ಇಲ್ಲದಿದ್ದರೆ ಪೂರ್ತಿ 2.375. ಎಲ್ಲ ಕೂಡಿದರೆ ಸುಮಾರು 7.67. ಅದನ್ನು 6ರಿಂದ ಭಾಗಿಸಿ 100ರಿಂದ ಗುಣಿಸಿ: 127.8. ಇಷ್ಟೇ ರೇಟಿಂಗ್. ಐದನೇ ತರಗತಿಯ ಗಣಿತ.

ಇದರಲ್ಲಿ ಏನು ಇಲ್ಲ ಎಂಬುದನ್ನು ಗಮನಿಸಿ. ಎದುರಾಳಿ ಬಲಿಷ್ಠ ತಂಡವೋ ದುರ್ಬಲ ತಂಡವೋ, ಇದಕ್ಕೆ ಗೊತ್ತಿಲ್ಲ. ಪಂದ್ಯದ ಕೊನೆಯ ನಿಮಿಷವೋ, 30 ಅಂಕ ಮುಂದಿರುವಾಗ ಆರಾಮವಾಗಿ ಎಸೆದದ್ದೋ, ಗೊತ್ತಿಲ್ಲ. ಎಸೆಯುವ ಮೊದಲೇ ಎದುರಾಳಿಗಳು ಕೆಡವಿ ಬೀಳಿಸಿದರೆ ಅದೂ ಲೆಕ್ಕಕ್ಕಿಲ್ಲ. ಎಲ್ಲಕ್ಕಿಂತ ತಮಾಷೆಯೆಂದರೆ, ಓಟ ಇದರಲ್ಲಿ ಇಲ್ಲವೇ ಇಲ್ಲ. ಸ್ಟೀವ್ ಯಂಗ್ ಹೆಸರಾಗಿದ್ದೇ ಚೆಂಡು ಹಿಡಿದು ಓಡುವುದಕ್ಕೆ! 1988ರ ಅಕ್ಟೋಬರ್‌ನಲ್ಲಿ ವೈಕಿಂಗ್ಸ್ ವಿರುದ್ಧ ಹಿಡಿಯಲು ಬಂದವರನ್ನೆಲ್ಲ ತಪ್ಪಿಸಿಕೊಂಡು 49 ಯಾರ್ಡ್ ಓಡಿ, ಕೊನೆಗೆ ಮುಗ್ಗರಿಸುತ್ತಾ ಗೆರೆ ದಾಟಿ ಪಂದ್ಯ ಗೆಲ್ಲಿಸಿದ ಓಟವನ್ನು ಅಭಿಮಾನಿಗಳು ಇಂದಿಗೂ ಹಾಕಿಕೊಂಡು ನೋಡುತ್ತಾರೆ. ರೇಟಿಂಗ್‌ನಲ್ಲಿ ಆ ಓಟದ ಬೆಲೆ ಸೊನ್ನೆ. ಯಂಗ್ ಪರವಾಗಿ ರೇಟಿಂಗ್ ಕಳಿಸುವವರು ಅವರ ಅತಿ ದೊಡ್ಡ ಗುಣವನ್ನೇ ಬಿಟ್ಟು ವಾದಿಸುತ್ತಿದ್ದಾರೆ.

ಅಷ್ಟೇ ಅಲ್ಲ, ಅವರು ಕಳಿಸುವ ಅಂಕಿಯೂ ಈ ಪ್ರಶ್ನೆಗೆ ಸಂಬಂಧಿಸಿದ್ದಲ್ಲ. 96.8 ಮತ್ತು 92.3 ಎಂಬುವು ಇಬ್ಬರೂ ಬೇರೆ ತಂಡಗಳಿಗೆ ಆಡಿದ್ದನ್ನೂ ಸೇರಿಸಿದ ಅಂಕಿಗಳು. ಪ್ರಶ್ನೆ ಇರುವುದು ಫಾರ್ಟಿನೈನರ್ಸ್ ಇತಿಹಾಸದ ಬಗ್ಗೆ. ಆ ತಂಡಕ್ಕೆ ಆಡಿದ್ದನ್ನು ಮಾತ್ರ ಹಿಡಿದರೆ ಯಂಗ್ 101.4, ಮೊಂಟಾನಾ 93.5. ಅಂತರ ಇನ್ನೂ ಹೆಚ್ಚಾಯಿತು ಎಂದು ಯಂಗ್ ಅಭಿಮಾನಿಗಳು ಖುಷಿಪಡಬಹುದು. ಆದರೆ ಖುಷಿಪಡುವ ಮೊದಲು ಇನ್ನೊಂದು ಸಾಲು ಓದಿ. ಒಂದೇ ಋತುವಿನ ಲೆಕ್ಕದಲ್ಲಿ 1989ರಲ್ಲಿ ಮೊಂಟಾನಾ 112.4 ಗಳಿಸಿದರು, ಅದು ಆಗ ಲೀಗಿನ ದಾಖಲೆ. 1994ರಲ್ಲಿ ಯಂಗ್ 112.8 ಗಳಿಸಿ ಅದನ್ನು ಮುರಿದರು. 2023ರಲ್ಲಿ ಅದೇ ತಂಡದ ಬ್ರಾಕ್ ಪರ್ಡಿ 113.0 ಗಳಿಸಿದರು. 2022ರ ಆಯ್ಕೆ ಪ್ರಕ್ರಿಯೆಯಲ್ಲಿ ಕಟ್ಟಕಡೆಯವರಾಗಿ, 262ನೆಯವರಾಗಿ ಬಂದ ಹುಡುಗ. ರೇಟಿಂಗ್ ಸುಳ್ಳು ಹೇಳುವುದಿಲ್ಲ ಎಂದಾದರೆ ಮೂವರಲ್ಲಿ ಪರ್ಡಿಯೇ ಶ್ರೇಷ್ಠ ಎನ್ನಬೇಕು. ಹಾಗೆ ಹೇಳುವವರನ್ನು ನಾವಂತೂ ನೋಡಿಲ್ಲ.

ಕಾರಣ ಕಾಲ. 1978ರಲ್ಲಿ ಲೀಗ್ ನಿಯಮ ಬದಲಿಸಿ, ಪಾಸ್ ಹಿಡಿಯಲು ಓಡುವವರನ್ನು ಐದು ಯಾರ್ಡ್ ಆಚೆಗೆ ತಳ್ಳಿ ತಡೆಯುವುದನ್ನು ನಿಷೇಧಿಸಿತು. ಆಮೇಲೆಯೂ ಕ್ವಾರ್ಟರ್‌ಬ್ಯಾಕ್‌ಗಳಿಗೆ ಅನುಕೂಲವಾಗುವ ನಿಯಮಗಳು ಬರುತ್ತಲೇ ಹೋದವು. 1980ರ ದಶಕದಲ್ಲಿ ಲೀಗಿನ ಸರಾಸರಿ ರೇಟಿಂಗ್ 75ರ ಆಸುಪಾಸಿನಲ್ಲಿತ್ತು, ಈಗ 90ರ ಆಸುಪಾಸಿನಲ್ಲಿದೆ. 1980ರಲ್ಲಿ ಸಿಗುತ್ತಿದ್ದ ಸಂಬಳವನ್ನೂ ಇಂದಿನ ಸಂಬಳವನ್ನೂ ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಿದಂತೆ ಇದು.

ಅದೇ ಮನುಷ್ಯ, ಬೇರೆ ತಂಡ

ತಂಡದ ಪಾಲೆಷ್ಟು, ಆಟಗಾರನ ಪಾಲೆಷ್ಟು ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಲಾಗುವುದಿಲ್ಲ. ಆದರೆ ಯಂಗ್ ಅವರ ಜೀವನದಲ್ಲೇ ಅಂಥದೊಂದು ಪರೀಕ್ಷೆ ನಡೆದಿದೆ. 1985 ಮತ್ತು 1986ರಲ್ಲಿ ಅವರು ಟ್ಯಾಂಪಾ ಬೇ ಬಕನೀರ್ಸ್ ತಂಡದಲ್ಲಿದ್ದರು. ಆರಂಭಿಕರಾಗಿ ಆಡಿದ್ದು 19 ಪಂದ್ಯ, ಗೆದ್ದದ್ದು 3, ಸೋತದ್ದು 16. ಅದೇ ಎಡಗೈ, ಅದೇ ಕಾಲು. 1987ರಲ್ಲಿ ಫಾರ್ಟಿನೈನರ್ಸ್‌ಗೆ ಬಂದು, 1991ರಲ್ಲಿ ಪೂರ್ಣ ಅವಕಾಶ ಸಿಕ್ಕ ಮೇಲೆ ಆರು ಋತುಗಳಲ್ಲಿ ಇಡೀ ಲೀಗಿನಲ್ಲೇ ಅತಿ ಹೆಚ್ಚು ರೇಟಿಂಗ್ ಅವರದು. ಅನುಭವ ಹೆಚ್ಚಿದ್ದರಿಂದ ಸ್ವಲ್ಪ ಬದಲಾವಣೆ ಬಂದಿರಬಹುದು, ಆದರೆ ಇಷ್ಟೂ ಅನುಭವದ್ದೇ ಎಂದು ನಂಬುವುದು ಕಷ್ಟ. ಬಿಲ್ ವಾಲ್ಷ್ ಕಟ್ಟಿದ ವಿಧಾನದಲ್ಲಿ ಚಿಕ್ಕ ಚಿಕ್ಕ ಪಾಸ್‌ಗಳು, ಯಾರು ಎಷ್ಟು ಹೆಜ್ಜೆಗೆ ಎಲ್ಲಿರಬೇಕೆಂಬ ಪಕ್ಕಾ ಲೆಕ್ಕ. 1991ರಲ್ಲಿ ಯಂಗ್ ಗಾಯಗೊಂಡಾಗ ಮೂರನೆಯವರಾಗಿದ್ದ ಸ್ಟೀವ್ ಬೋನೋ ಆರು ಪಂದ್ಯ ಆರಂಭಿಸಿ ಐದನ್ನು ಗೆದ್ದರು. ಬೋನೋ ಅವರನ್ನು ಶ್ರೇಷ್ಠರ ಪಟ್ಟಿಗೆ ಯಾರೂ ಸೇರಿಸುವುದಿಲ್ಲ.

ಯಂಗ್‌ಗೆ ಜೆರ್ರಿ ರೈಸ್ ಎಂಬ ಅದ್ಭುತ ಪಾಸ್ ಹಿಡಿಯುವವರು ಸಿದ್ಧವಾಗಿ ಸಿಕ್ಕಿದ್ದರು ಎಂಬುದು ಮೊಂಟಾನಾ ಪರದವರ ಮಾತು. ಇದರಲ್ಲಿ ಹುರುಳಿದೆ. ರೈಸ್ ತಂಡಕ್ಕೆ ಬಂದದ್ದು 1985ರಲ್ಲಿ, ಅಷ್ಟರಲ್ಲಿ ಮೊಂಟಾನಾ ಎರಡು ಸೂಪರ್ ಬೌಲ್ ಗೆದ್ದಾಗಿತ್ತು.

ನಿಮಗೆ ಆಗ ವಯಸ್ಸೆಷ್ಟು?

ಈ ಜಗಳದಲ್ಲಿ ಅಂಕಿಗಳಿಗಿಂತ ಹೆಚ್ಚು ಕೆಲಸ ಮಾಡುವುದು ನೆನಪು. ಇದರ ಬಗ್ಗೆ ಅಧ್ಯಯನವೇ ನಡೆದಿದೆ, ಆದರೆ ನಮ್ಮ ಕಾಲ್ಚೆಂಡಿನ ಮೇಲೆ. ಮನಶ್ಶಾಸ್ತ್ರಜ್ಞ ಡೇವಿಡ್ ರೂಬಿನ್ ಸೇರಿದಂತೆ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾರ್ವಕಾಲಿಕ ಶ್ರೇಷ್ಠ ಆಟಗಾರರನ್ನು ಹೆಸರಿಸಲು ಜನರನ್ನು ಕೇಳಿದರು. ಪೆಲೆ, ಕ್ರೈಫ್, ಮರಡೋನಾ ಹೆಸರುಗಳು ಬಂದವು. ಯಾರು ಯಾರನ್ನು ಆರಿಸಿದರು ಎಂದು ನೋಡಿದಾಗ, ತಾವು ಹದಿಹರೆಯದಲ್ಲಿ, ಅದರ ಸ್ವಲ್ಪ ಈಚೆಗೆ ಇದ್ದಾಗ ಉತ್ತುಂಗದಲ್ಲಿದ್ದ ಆಟಗಾರರನ್ನೇ ಜನ ಹೆಚ್ಚಾಗಿ ಆರಿಸಿದ್ದರು. ಆ ವಯಸ್ಸಿನ ನೆನಪುಗಳು ಉಳಿದವುಗಳಿಗಿಂತ ಗಟ್ಟಿಯಾಗಿ ಉಳಿಯುತ್ತವೆ ಎಂಬುದು ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ.

ನಮ್ಮ ಮನೆಗಳಲ್ಲೂ ಇದನ್ನು ಕಂಡಿದ್ದೇವೆ. ಅಪ್ಪನಿಗೆ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್, ಮಗನಿಗೆ ರಾಹುಲ್ ದ್ರಾವಿಡ್. ಇಬ್ಬರೂ ತಾವು ನೋಡಿದ್ದೇ ನಿಜವಾದ ಬ್ಯಾಟಿಂಗ್ ಎನ್ನುತ್ತಾರೆ. 1982ರ ಜನವರಿ 10ರಂದು ಡಲ್ಲಾಸ್ ಕೌಬಾಯ್ಸ್ ವಿರುದ್ಧ ಡ್ವೈಟ್ ಕ್ಲಾರ್ಕ್ ಮೇಲಕ್ಕೆ ಜಿಗಿದು ಮೊಂಟಾನಾ ಪಾಸನ್ನು ಬೆರಳ ತುದಿಯಲ್ಲಿ ಹಿಡಿದದ್ದನ್ನು ಹದಿನಾರನೇ ವಯಸ್ಸಿನಲ್ಲಿ ನೋಡಿದವರಿಗೆ ಯಾವ ರೇಟಿಂಗ್ ತೋರಿಸಿದರೂ ಪ್ರಯೋಜನವಿಲ್ಲ. ಅದು ತಪ್ಪೂ ಅಲ್ಲ. ಆದರೆ ಅದು ನೆನಪು, ಪುರಾವೆ ಅಲ್ಲ.

“ಯಂಗ್ ಎಂಟೇ ವರ್ಷ ಆಡಿದ್ದು”

ಈ ವಾದ ನಮಗೆ ಎಲ್ಲಕ್ಕಿಂತ ಹೆಚ್ಚು ಕಸಿವಿಸಿ ತರುತ್ತದೆ. ಯಂಗ್ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಪೂರ್ಣವಾಗಿ ಆಡಿದ್ದು 1991ರಿಂದ 1998ರವರೆಗೆ, ನಿಜ. ಶುರು ತಡವಾದದ್ದು ಯಾಕೆ? ನಾಲ್ಕು ವರ್ಷ ಮೊಂಟಾನಾ ಹಿಂದೆ ಬೆಂಚಿನ ಮೇಲೆ ಕಾದಿದ್ದರು. ಮುಗಿದದ್ದು ಯಾಕೆ? ತಲೆಗೆ ಬಿದ್ದ ಪೆಟ್ಟುಗಳಿಂದ. 1999ರ ಸೆಪ್ಟೆಂಬರ್‌ನಲ್ಲಿ ಅರಿಝೋನಾ ಕಾರ್ಡಿನಲ್ಸ್ ವಿರುದ್ಧದ ಪಂದ್ಯದಲ್ಲಿ ನೆಲಕ್ಕೆ ಬಿದ್ದವರು ಪ್ರಜ್ಞೆ ತಪ್ಪಿ ಮಲಗಿದ್ದರು. ಮತ್ತೆ ಆಡಲಿಲ್ಲ, ಮರುವರ್ಷ ನಿವೃತ್ತಿ ಘೋಷಿಸಿದರು. ಮೊಂಟಾನಾ ಅವರ ದೇಹವೂ ಕಡಿಮೆ ನೋವು ತಿಂದಿಲ್ಲ. 1986ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಆಯಿತು, 1991ರ ಜನವರಿಯಲ್ಲಿ ಜಯಂಟ್ಸ್‌ನ ಲೆನರ್ಡ್ ಮಾರ್ಷಲ್ ಹಿಂದಿನಿಂದ ಬಂದು ಕೆಡವಿದ ಪೆಟ್ಟು ಬಿತ್ತು, ಆಮೇಲೆ ಮೊಣಕೈ ಗಾಯದಿಂದ ಸುಮಾರು ಎರಡು ಋತು ಹೊರಗಿದ್ದರು.

ಹೆಲ್ಮೆಟ್ ಹಾಕಿದ್ದಾರಲ್ಲ, ತಲೆಗೇನಾಗುತ್ತದೆ ಎಂದು ಕೇಳುವವರಿದ್ದಾರೆ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಪಾಡುತ್ತದೆ. ಆದರೆ ತಲೆ ಗಕ್ಕನೆ ನಿಂತಾಗ ಅಥವಾ ತಿರುಗಿದಾಗ ಒಳಗಿನ ಮಿದುಳು ಅಲುಗಾಡುವುದನ್ನು ಅದು ಪೂರ್ತಿ ತಡೆಯಲಾರದು. ಆ ಅಲುಗಾಟಕ್ಕೇ ಕನ್‌ಕಶನ್ ಎನ್ನುವುದು. ಪ್ರಜ್ಞೆ ತಪ್ಪದಿದ್ದರೂ ಅದು ಆಗಿರಬಹುದು. ಹಾಗಾಗಿ ಯಾವ ಆಟವಾದರೂ ಸರಿ, ತಲೆಗೆ ಪೆಟ್ಟು ಬಿದ್ದು ಮಂಕು, ಗೊಂದಲ, ತಲೆಸುತ್ತು ಕಂಡರೆ ಆ ದಿನ ಮತ್ತೆ ಮೈದಾನಕ್ಕೆ ಇಳಿಯಬಾರದು. ವಾಂತಿ, ಹೆಚ್ಚುತ್ತಿರುವ ತಲೆನೋವು, ವಿಪರೀತ ನಿದ್ದೆಯ ಮಂಪರು ಇದ್ದರೆ ತಡಮಾಡದೆ ಆಸ್ಪತ್ರೆಗೆ. ಪೆಟ್ಟು ತಿಂದೂ ಎದ್ದು ಆಡಿದವರನ್ನು ಹುಲಿ ಎಂದು ಹೊಗಳುವ ಫಾರ್ವರ್ಡ್‌ಗಳನ್ನು ಮಕ್ಕಳೂ ಓದುತ್ತಾರೆ. ಬೇಗ ನಿವೃತ್ತರಾದದ್ದನ್ನು ಶ್ರೇಷ್ಠತೆಯ ಲೆಕ್ಕದಲ್ಲಿ ಕಳೆಯುವುದು ನಮಗೆ ಒಪ್ಪಿಗೆಯಿಲ್ಲ.

ಎದುರುಬದುರು ಆಡಿದಾಗ?

ಒಂದು ಸಲ ಆಡಿದ್ದಾರೆ. 1993ರಲ್ಲಿ ಮೊಂಟಾನಾ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡಕ್ಕೆ ಹೋದರು. 1994ರ ಸೆಪ್ಟೆಂಬರ್ 11ರಂದು ಚೀಫ್ಸ್ 24, ಫಾರ್ಟಿನೈನರ್ಸ್ 17. ಇಷ್ಟೇ ಸಾಕು ಎನ್ನುತ್ತಾರೆ ಕೆಲವರು. ಆದರೆ ಈ ಆಟದಲ್ಲಿ ಎರಡು ಕ್ವಾರ್ಟರ್‌ಬ್ಯಾಕ್‌ಗಳು ಒಂದೇ ಹೊತ್ತಿಗೆ ಮೈದಾನದಲ್ಲಿ ಇರುವುದೇ ಇಲ್ಲ. ಒಬ್ಬರು ಆಡುವಾಗ ಇನ್ನೊಬ್ಬರು ಹೊರಗೆ ಕೂತಿರುತ್ತಾರೆ. ಅಂದು ಯಂಗ್ ಅವರನ್ನು ಕಾಡಿದ್ದು ಚೀಫ್ಸ್‌ನ ರಕ್ಷಣಾ ಆಟಗಾರ ಡೆರಿಕ್ ಥಾಮಸ್. ಆ ಋತುವಿನ ಕೊನೆಗೆ, 1995ರ ಜನವರಿ 29ರಂದು, ಯಂಗ್ ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಪಾಸ್ ಎಸೆದು ಸ್ಯಾನ್ ಡಿಯಾಗೋ ಚಾರ್ಜರ್ಸ್ ತಂಡವನ್ನು 49–26ರಿಂದ ಸೋಲಿಸಿದರು. ಅದಕ್ಕೂ ಮುಂಚಿನ ದಾಖಲೆ ಐದು, ಮೊಂಟಾನಾ ಹೆಸರಿನಲ್ಲಿತ್ತು.

ಹಾಗಾದರೆ ನಮ್ಮ ಉತ್ತರ?

“ಶ್ರೇಷ್ಠ” ಎಂದರೆ ತಂಡದ ಇತಿಹಾಸವನ್ನೇ ಬದಲಿಸಿದವರು ಎಂದು ನೀವು ಹೇಳುವುದಾದರೆ ನಾವು ಮೊಂಟಾನಾ ಎನ್ನುತ್ತೇವೆ. ಅವರು ಬಂದ 1979ರಲ್ಲೂ ಅದರ ಹಿಂದಿನ ವರ್ಷದಲ್ಲೂ ತಂಡ 16ರಲ್ಲಿ ಎರಡೇ ಪಂದ್ಯ ಗೆದ್ದಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಚಾಂಪಿಯನ್. ಅದರಲ್ಲಿ ವಾಲ್ಷ್ ಪಾಲು ದೊಡ್ಡದು, ಆದರೂ ಮೈದಾನದಲ್ಲಿ ನಡೆಸಿಕೊಟ್ಟವರು ಮೊಂಟಾನಾ. ಉತ್ತುಂಗದಲ್ಲಿದ್ದಾಗ ಯಾರು ಎದುರಾಳಿಗೆ ಹೆಚ್ಚು ತಲೆನೋವು ಎಂದು ಕೇಳಿದರೆ ನಾವು ಯಂಗ್ ಕಡೆ ವಾಲುತ್ತೇವೆ. ಅದಕ್ಕೆ ಕಾರಣ 96.8 ಅಲ್ಲ, 101.4 ಕೂಡ ಅಲ್ಲ. ಫಾರ್ಟಿನೈನರ್ಸ್‌ಗಾಗಿ ಅವರು ಚೆಂಡು ಹಿಡಿದು ತಾವೇ ಓಡಿ ಗಳಿಸಿದ ಟಚ್‌ಡೌನ್‌ಗಳು 37. ಆ ಅಂಕಿ ಇರುವ ಫಾರ್ವರ್ಡ್ ಮಾತ್ರ ನಮಗೆ ಇನ್ನೂ ಬಂದಿಲ್ಲ.